ಬಳೆ ಬ್ಯಾಂಕಿನಲ್ಲಿ, ಮಗು ದೂರದ ದೇಶದಲ್ಲಿ

ಪ್ರಶ್ನೆ: ನಾವು ಬ್ರಹ್ಮಾವರದ ಕಡೆಯವರು. ಈಗ ಮಂಗಳೂರಿನ ಬೋಂದೆಲಿನಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ನನಗೆ 39, ಗಂಡನಿಗೆ 44. ಅವರು ಆಫ್ರಿಕಾದ ಒಂದು ದೇಶದಲ್ಲಿ ಕೆಲಸದಲ್ಲಿದ್ದಾಗ ಅಲ್ಲಿಂದಲೇ ಒಂದು ಮಗುವನ್ನು ದತ್ತು ತೆಗೆದುಕೊಳ್ಳಲು ಅರ್ಜಿ ಹಾಕಿದೆವು. ಮಗುವನ್ನು ಒಂದೆರಡು ಸಲ ನೋಡಿಯೂ ಇದ್ದೇವೆ. ಅಷ್ಟರಲ್ಲಿ ಕಂಪನಿ ಮುಚ್ಚಿತು, ಊರಿಗೆ ಬಂದೆವು. ಇದಕ್ಕೇ ಅಂತ ತೆಗೆದಿಟ್ಟ ದುಡ್ಡು ಒಂದು ಸೊಸೈಟಿಯಲ್ಲಿತ್ತು, ಅವರು ಈಗ 'ನಾಳೆ ಬನ್ನಿ' ಅನ್ನುತ್ತಿದ್ದಾರೆ. ಅಲ್ಲಿನ ವಕೀಲರ ಫೀಸಿಗೆ ನನ್ನ ಬಳೆ ಅಡವಿಟ್ಟೆ. ಮಗು ಇರುವ ಸಂಸ್ಥೆಯವರು ಆಗಾಗ 'ಸ್ವಲ್ಪ ಸಹಾಯ ಮಾಡಿ' ಅಂತ ಮೆಸೇಜ್ ಕಳಿಸುತ್ತಾರೆ. ನಾದಿನಿ ಹೇಳುತ್ತಾಳೆ, 'ಇಷ್ಟೆಲ್ಲ ಅಡ್ಡಿ ಬರುವುದೆಂದರೆ ದೇವರಿಗೆ ಮನಸ್ಸಿಲ್ಲ, ಬಿಟ್ಟುಬಿಡಿ' ಅಂತ. ಗಂಡ ಊರಿನ ಹತ್ತು ಸೆಂಟ್ಸ್ ಜಾಗ ಮಾರಲು ಹೊರಟಿದ್ದಾರೆ, 'ಮುಂದಿನದು ದೇವರು ನೋಡಿಕೊಳ್ತಾನೆ' ಅನ್ನುತ್ತಾರೆ. ನನಗೆ ಎರಡೂ ಹೆದರಿಕೆ. ಕಟೀಲಿನ ದೇವಿಗೆ ಹರಕೆ ಹೇಳಿಕೊಂಡಿದ್ದೇನೆ, ಆದರೂ ನಂಬಿಕೆ ಸಡಿಲ ಆಗ್ತಾ ಉಂಟು. ಏನು ಮಾಡಲಿ?

ಉತ್ತರ: ನಿಮ್ಮ ನಾದಿನಿ ಒಂದು ಕಡೆ, ನಿಮ್ಮ ಯಜಮಾನರು ಇನ್ನೊಂದು ಕಡೆ ನಿಂತ ಹಾಗೆ ನಿಮಗೆ ಕಾಣುತ್ತಿದೆ. ನನಗೆ ಇಬ್ಬರೂ ಒಂದೇ ಕಡೆ ಕಾಣುತ್ತಾರೆ. ನೀವು ಮೂವರು ಕೂತು ಮಾಡಬೇಕಾದ ಲೆಕ್ಕವನ್ನು ಇಬ್ಬರೂ ದೇವರ ತಲೆಗೆ ಕಟ್ಟುತ್ತಿದ್ದಾರೆ. ಒಬ್ಬರು ದೇವರ ಹೆಸರು ಹೇಳಿ ಬಿಡಿ ಅನ್ನುತ್ತಾರೆ, ಇನ್ನೊಬ್ಬರು ಅದೇ ಹೆಸರು ಹೇಳಿ ಮಾರುವ ಅನ್ನುತ್ತಾರೆ. ನಿಮಗೆ ಎರಡೂ ಹೆದರಿಕೆ ಆಯಿತಲ್ಲ, ಅದಕ್ಕೆ ನಂಬಿಕೆ ಸಡಿಲ ಆಯಿತು ಅಂತ ಯಾಕೆ ಹೆಸರಿಡುತ್ತೀರಿ? ಲೆಕ್ಕ ಕೇಳುವ ಹೆಂಗಸು ಮನೆಯಲ್ಲಿ ಒಬ್ಬಳಾದರೂ ಇರಬೇಕು.

ಮೊದಲು ನಾದಿನಿಯ ಮಾತು. ಕಂಪನಿ ಮುಚ್ಚಿದ್ದು ಅದರ ವ್ಯವಹಾರ ಕೆಟ್ಟದ್ದರಿಂದ. ಸೊಸೈಟಿ ದುಡ್ಡು ಕೊಡದಿರುವುದಕ್ಕೂ ಅಲ್ಲಿನ ಪುಸ್ತಕದಲ್ಲೇ ಕಾರಣ ಇರುತ್ತದೆ. ಅದೇ ಸೊಸೈಟಿಯಲ್ಲಿ ಮಗಳ ಮದುವೆಗೆ ಅಂತ ಇಟ್ಟವರು, ಮನೆಯ ಮಾಡು ರಿಪೇರಿಗೆ ಅಂತ ಇಟ್ಟವರು ಎಲ್ಲ ನಿಮ್ಮ ಹಾಗೆಯೇ ಕಾಯುತ್ತಿರುತ್ತಾರೆ. ಅವರ ಮಗಳ ಮದುವೆಗೂ ದೇವರಿಗೆ ಮನಸ್ಸಿಲ್ಲವಾ? ಇದನ್ನು ನಾದಿನಿಯ ಹತ್ತಿರ ಕೇಳಬೇಡಿ, ಸುಮ್ನೆ ಜಗಳ ಆಗುತ್ತದೆ. ನಿಮಗೆ ನೀವೇ ಕೇಳಿಕೊಂಡರೆ ಸಾಕು.

ಇನ್ನೂ ಒಂದು ಮಾತು. ಹೊರದೇಶದ ದತ್ತು ಅಂದರೆ ಅಡ್ಡಿ ಬಾರದೆ ಮುಗಿದದ್ದೇ ಕಡಿಮೆ. ಇಥಿಯೋಪಿಯಾ 2018ರಲ್ಲಿ ವಿದೇಶೀಯರಿಗೆ ಮಕ್ಕಳನ್ನು ದತ್ತು ಕೊಡುವುದನ್ನೇ ನಿಲ್ಲಿಸಿತು. ಚೀನಾ 2024ರಲ್ಲಿ ನಿಲ್ಲಿಸಿತು. ಯಾವ ಮಗು ಅಂತ ಗೊತ್ತಾಗಿ, ಫೋಟೋ ಕೈಗೆ ಬಂದು, ವರ್ಷಗಟ್ಟಲೆ ಕಾದಿದ್ದ ನೂರಾರು ಅಮೆರಿಕದ ಕುಟುಂಬಗಳ ಫೈಲು ಅಲ್ಲಿಗೇ ನಿಂತಿತು. 2004ರಲ್ಲಿ ಹೊರದೇಶಗಳಿಂದ ಅಮೆರಿಕಕ್ಕೆ ದತ್ತು ಬಂದ ಮಕ್ಕಳು ಸುಮಾರು 23 ಸಾವಿರ. 2023ರಲ್ಲಿ ಬಂದವರು 1,275. ಆ ಮನೆಗಳಲ್ಲೂ ಪ್ರಾರ್ಥನೆ ಮಾಡಿದವರು ಇದ್ದರು, ದುಡ್ಡಿದ್ದವರೂ ಇದ್ದರು. ನಿಮ್ಮ ಕಟೀಲಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಮೇಳದ ಹರಕೆಯಾಟಕ್ಕೆ, ಅಂದರೆ ಹರಕೆ ಹೊತ್ತವರು ಆಡಿಸುವ ಯಕ್ಷಗಾನಕ್ಕೆ, ಇವತ್ತು ಹೆಸರು ಬರೆಸಿದರೆ ಆಟ ಆಗುವುದು ಎಷ್ಟೋ ವರ್ಷ ಬಿಟ್ಟು. ನಮ್ಮಲ್ಲಿ ಯಾರಾದರೂ 'ಅಮ್ಮನಿಗೆ ನಮ್ಮ ಆಟ ಬೇಡ' ಅನ್ನುತ್ತಾರಾ? ಪಟ್ಟಿ ಉದ್ದ ಉಂಟು ಅನ್ನುತ್ತಾರೆ, ಅಷ್ಟೆ.

ಈಗ ಜಾಗದ ವಿಷಯ. ಸದ್ಯಕ್ಕೆ ಮಾರಬೇಡಿ. ಜಾಗ ದೊಡ್ಡದು, ಮಗು ಸಣ್ಣದು ಅಂತ ಹೇಳುತ್ತಿಲ್ಲ. ಆ ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ನಿಮಗೂ ಗೊತ್ತಿಲ್ಲ, ಯಜಮಾನರಿಗೂ ಗೊತ್ತಿಲ್ಲ. ನಿಮ್ಮ ಪತ್ರದಲ್ಲಿ ಫೀಸು ಉಂಟು, ಬಳೆ ಉಂಟು, ಸೊಸೈಟಿ ಉಂಟು. ಆದರೆ ಫೈಲು ಈಗ ಎಲ್ಲಿದೆ ಅನ್ನುವ ಒಂದು ಸಾಲೂ ಇಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಆದದ್ದು ಅದಕ್ಕೆ.

ನೀವು ಅರ್ಜಿ ಹಾಕಿದ್ದು ಆ ದೇಶದಲ್ಲಿ ವಾಸ ಇದ್ದಾಗ. ಈಗ ನೀವು ಬೋಂದೆಲಿನಲ್ಲಿದ್ದೀರಿ. ಎಷ್ಟೋ ದೇಶಗಳು ದತ್ತು ತೆಗೆದುಕೊಳ್ಳುವವರು ಅಲ್ಲೇ ಇರಬೇಕು ಅಂತ ನಿಯಮ ಇಟ್ಟಿವೆ. ಉಗಾಂಡಾದಲ್ಲಿ 2016ರ ತಿದ್ದುಪಡಿಯ ಪ್ರಕಾರ ವಿದೇಶೀಯರು ಕನಿಷ್ಠ ಒಂದು ವರ್ಷ ಅಲ್ಲಿ ವಾಸ ಇದ್ದು, ಒಂದು ವರ್ಷ ಮಗುವನ್ನು ಪೋಷಣೆಗೆ ಇಟ್ಟುಕೊಂಡಿರಬೇಕು. ನಿಮ್ಮ ದೇಶದ ಹೆಸರು ನೀವು ಬರೆದಿಲ್ಲ. ಅಲ್ಲೂ ಇಂಥ ನಿಯಮ ಇದ್ದರೆ ನಿಮಗೆ ಬಂದಿರುವ ತೊಡಕು ದುಡ್ಡಿನದ್ದೇ ಅಲ್ಲ, ವಾಸದ್ದು. ಹತ್ತು ಸೆಂಟ್ಸ್ ಅಲ್ಲ, ಹತ್ತು ಎಕರೆ ಮಾರಿದರೂ ಅದು ಸರಿಹೋಗುವುದಿಲ್ಲ.

ಎರಡನೆಯದು, ಆ ದೇಶ ಹೇಗ್ ದತ್ತು ಒಪ್ಪಂದದಲ್ಲಿ ಇದೆಯಾ ಅನ್ನುವುದು. ಒಂದು ದೇಶದ ಮಗು ಇನ್ನೊಂದು ದೇಶಕ್ಕೆ ದತ್ತು ಹೋಗುವಾಗಿನ ನಿಯಮಗಳ ಬಗ್ಗೆ ದೇಶಗಳು ಮಾಡಿಕೊಂಡ 1993ರ ಒಪ್ಪಂದ ಅದು, ಭಾರತ 2003ರಲ್ಲಿ ಸೇರಿತು. ಕೀನ್ಯಾ, ಘಾನಾ, ದಕ್ಷಿಣ ಆಫ್ರಿಕಾ ಅದರಲ್ಲಿವೆ. ಉಗಾಂಡಾ, ತಾಂಜಾನಿಯಾ ಇಲ್ಲ. ನಮ್ಮ ಕಡೆಯ ನಿಯಮ ಹೀಗಿದೆ: ಭಾರತೀಯರು ಹೊರದೇಶದ ಮಗುವನ್ನು ದತ್ತು ತೆಗೆದುಕೊಳ್ಳುವಾಗ ಮೊದಲು ಆ ದೇಶದ ಕಾನೂನಿನ ಪ್ರಕಾರ ಎಲ್ಲ ಮುಗಿಯಬೇಕು. ಜೊತೆಗೆ ದೆಹಲಿಯ ಕಾರಾ, ಅಂದರೆ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ, ನಿಮ್ಮ ಮನೆಯ ಅಧ್ಯಯನ ವರದಿ (ಸಮಾಜ ಕಾರ್ಯಕರ್ತರು ಮನೆಗೆ ಬಂದು ನೋಡಿ ಬರೆಯುವುದು), ಮಗುವಿನ ವರದಿ, ವೈದ್ಯಕೀಯ ವರದಿ ನೋಡಿ ಒಪ್ಪಂದದ 5 ಮತ್ತು 17ನೇ ವಿಧಿಗಳ ಕೆಳಗೆ ಒಪ್ಪಿಗೆ ಕೊಡಬೇಕು. ಆಮೇಲೆ ಮಗು ತನ್ನ ದೇಶದ ಪಾಸ್‌ಪೋರ್ಟಿನಲ್ಲಿ, ಅಲ್ಲಿನ ಭಾರತೀಯ ರಾಯಭಾರ ಕಚೇರಿಯಿಂದ ವೀಸಾ ಪಡೆದು ಬರಬೇಕು. ಅದಕ್ಕೆ ಗೃಹ ಸಚಿವಾಲಯದ ಒಪ್ಪಿಗೆಯೂ ಬೇಕು. ದೇಶ ಒಪ್ಪಂದದ ಹೊರಗಿದ್ದರೆ ದಾರಿ ಇನ್ನೂ ಕಠಿಣ. ಆಗ ಮುಂದಿನ ಒಂದು ರೂಪಾಯಿ ಕಳಿಸುವ ಮೊದಲು ಕಾರಾಗೆ ಬರೆದು, ಬರಹದಲ್ಲೇ ಉತ್ತರ ತರಿಸಿಕೊಳ್ಳಿ.

ಹಿಂದೂ ದತ್ತಕ ಕಾಯ್ದೆಯಲ್ಲಿ ಒಂದು ಪತ್ರ ಮಾಡಿಸಿದರೆ ಮುಗಿಯಿತು ಅಂತ ಹೇಳುವವರು ನಿಮಗೂ ಸಿಕ್ಕಿರಬಹುದು. ಆ ಕಾಯ್ದೆ 1956ರದ್ದು, ಅದರ ಪ್ರಕಾರ ದತ್ತು ಹೋಗುವ ಮಗುವೂ ಹಿಂದೂ ಆಗಿರಬೇಕು. ಆಫ್ರಿಕಾದ ಅನಾಥಾಲಯದ ಮಗುವಿಗೆ ಆ ದಾರಿ ಇಲ್ಲ. ಇಲ್ಲೇ ಊರಲ್ಲಿ 'ಯಾವುದೋ ಮಗು ಕೊಡಿಸುತ್ತೇನೆ' ಅನ್ನುವವರ ಹತ್ತಿರವಂತೂ ಹೋಗಲೇಬೇಡಿ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಅನಾಥ ಅಥವಾ ಬಿಟ್ಟುಹೋದ ಮಗುವನ್ನು ನಿಯಮ ತಪ್ಪಿಸಿ ದತ್ತಿಗೆ ಕೊಟ್ಟರೂ ತೆಗೆದುಕೊಂಡರೂ ಮೂರು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ದಂಡ, ಇಲ್ಲವೇ ಎರಡೂ.

ಈಗ ಆ 'ಸ್ವಲ್ಪ ಸಹಾಯ ಮಾಡಿ' ಅನ್ನುವ ಮೆಸೇಜ್. ಇದು ಕೇಳಲು ಕಷ್ಟ ಆಗಬಹುದು, ಆದರೂ ಹೇಳುತ್ತೇನೆ. ಕಳಿಸುವುದನ್ನು ನಿಲ್ಲಿಸಿ. ದತ್ತುವಿನಿಂದ ಯಾರೂ ಅನ್ಯಾಯದ ಲಾಭ ಮಾಡಿಕೊಳ್ಳಬಾರದು, ಖರ್ಚು ಮತ್ತು ನ್ಯಾಯವಾದ ಶುಲ್ಕ ಮಾತ್ರ ಪಡೆಯಬಹುದು ಅಂತ ಅದೇ ಒಪ್ಪಂದದ 32ನೇ ವಿಧಿ ಹೇಳುತ್ತದೆ. 29ನೇ ವಿಧಿಯ ಪ್ರಕಾರ ಕೆಲವು ಹಂತ ಮುಗಿಯುವವರೆಗೆ ದತ್ತು ಪಡೆಯುವವರಿಗೂ ಮಗುವನ್ನು ನೋಡಿಕೊಳ್ಳುವವರಿಗೂ ನೇರ ಸಂಪರ್ಕವೇ ಇರಬಾರದು. ಆ ಸಂಸ್ಥೆಯವರು ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಅಲ್ಲಿ ಹಾಲಿನ ಪುಡಿಗೆ ನಿಜವಾಗಿಯೂ ಕೊರತೆ ಇರಬಹುದು. ಆದರೆ ರಶೀದಿ ಇಲ್ಲದೆ ನೀವು ಕಳಿಸಿದ ದುಡ್ಡು ನಾಳೆ ಅಧಿಕಾರಿಯ ಕಣ್ಣಿಗೆ ಮಗುವಿನ ಬೆಲೆಯಂತೆ ಕಂಡರೆ, ನೀವು ಏನು ಹೇಳಿದರೂ ಕೇಳುವವರಿಲ್ಲ. ಇಷ್ಟರವರೆಗೆ ಕಳಿಸಿದ್ದನ್ನು ತಾರೀಕು ಸಮೇತ ಒಂದು ಹಾಳೆಯಲ್ಲಿ ಬರೆದಿಡಿ. ಮುಚ್ಚಿಡಬೇಡಿ.

ಹಾಗೆಯೇ ಒಂದು ಸಣ್ಣ ವಿಷಯ. ಇಲ್ಲಿಂದ ಹೊರದೇಶಕ್ಕೆ ಬ್ಯಾಂಕಿನ ಮೂಲಕ ಕಳಿಸುವ ಹಣ ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ದಾಟಿದರೆ, ದಾಟಿದ ಭಾಗಕ್ಕೆ ಶೇ 20 ಟಿಸಿಎಸ್, ಅಂದರೆ ಬ್ಯಾಂಕೇ ಮುಂಗಡವಾಗಿ ವಸೂಲು ಮಾಡುವ ತೆರಿಗೆ, ಹಿಡಿಯುತ್ತಾರೆ. ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದಾಗ ಅದು ಲೆಕ್ಕಕ್ಕೆ ಸಿಗುತ್ತದೆ, ಆದರೆ ಅಲ್ಲಿವರೆಗೆ ಕೈಯಲ್ಲಿರುವುದಿಲ್ಲ. ಜಾಗ ಮಾರಿ ಒಮ್ಮೆಲೇ ಕಳಿಸುವ ಯೋಚನೆ ಇದ್ದವರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಇನ್ನು ನೀವು ಬರೆಯದೆ ಬಿಟ್ಟ ಒಂದು ಹೆದರಿಕೆ ಇದೆ. ಕೆಲಸ ಹೋಯಿತು, ಬಳೆ ಅಡವಿದೆ ಅಂತ ಗೊತ್ತಾದರೆ ಮಗುವನ್ನು ಕೊಡುವುದಿಲ್ಲ ಅನ್ನುವ ಹೆದರಿಕೆ. ನನ್ನ ಹತ್ತಿರ ಬರುವ ಹೆಚ್ಚಿನ ಜೋಡಿಗಳು ಇದನ್ನೇ ಹೊಟ್ಟೆಯಲ್ಲಿಟ್ಟುಕೊಂಡು ಬಂದಿರುತ್ತಾರೆ.

ಕಾಪು ಕಡೆಯ ಒಂದು ಮನೆಗೆ ಮನೆ ಅಧ್ಯಯನದ ದಿನ ಸಮಾಜ ಕಾರ್ಯಕರ್ತೆಯ ಜೊತೆ ನಾನೂ ಹೋಗಿದ್ದೆ. ಮನೆಯಾಕೆ ನೀರುದೋಸೆ ಮಾಡಿದ್ದರು. ಟೇಬಲ್ ಮೇಲೆ ಫೈಲು, ಫೈಲಿನಲ್ಲಿ ಬ್ಯಾಂಕ್ ಸ್ಟೇಟ್‌ಮೆಂಟು, ಸ್ಯಾಲರಿ ಸ್ಲಿಪ್ಪು, ಎಲ್ಲ ನೀಟಾಗಿ ಪಂಚ್ ಮಾಡಿದ್ದು. ಗಂಡ ಒಂದೊಂದೇ ಹಾಳೆ ತಿರುಗಿಸಿ ತೋರಿಸುತ್ತಿದ್ದರು. ಅತ್ತೆ ಬಾಗಿಲ ಹತ್ತಿರ ಸ್ಟೂಲ್ ಹಾಕಿಕೊಂಡು ಕೂತಿದ್ದರು. 'ಮನೆಯಲ್ಲಿ ಸಾಲ ಏನಾದರೂ?' ಅಂತ ಕಾರ್ಯಕರ್ತೆ ಕೇಳಿದಾಗ ಗಂಡ 'ಹಾಗೇನೂ ಇಲ್ಲ' ಅಂದರು. ಅತ್ತೆ ತಕ್ಷಣ ತುಳುವಿನಲ್ಲಿ, 'ಬಂಗಾರ್ ಪೂರಾ ಬ್ಯಾಂಕ್‌ಡ್ ಉಂಡು' ಅಂದುಬಿಟ್ಟರು. ಬಂಗಾರ ಎಲ್ಲ ಬ್ಯಾಂಕಿನಲ್ಲಿದೆ ಅಂತ. ಸೊಸೆ ಕಾವಲಿಯ ಮುಂದೆ ಹಾಗೇ ನಿಂತುಬಿಟ್ಟರು. ದೋಸೆ ಸೀದ ವಾಸನೆ ನಾವು ಕೂತಲ್ಲಿಗೆ ಬಂತು. ಕಾರ್ಯಕರ್ತೆ ಪೆನ್ನು ಕೆಳಗಿಡಲಿಲ್ಲ. 'ಎಷ್ಟು? ತಿಂಗಳಿಗೆ ಬಡ್ಡಿ ಎಷ್ಟು ಕಟ್ಟುತ್ತೀರಿ? ಯಾವಾಗ ಬಿಡಿಸುವ ಅಂದಾಜು?' ಅಂತ ಕೇಳಿದರು, ಬರೆದುಕೊಂಡರು. ಆ ವರದಿ ಪಾಸಾಯಿತು. ಹೊರಗೆ ಬಂದ ಮೇಲೆ ಅವರು ನನ್ನ ಹತ್ತಿರ ಹೇಳಿದ್ದು ಇಷ್ಟೆ: ಸಾಲ ಇಲ್ಲದ ಮನೆ ಈ ಜಿಲ್ಲೆಯಲ್ಲಿ ಎಲ್ಲಿ ಹುಡುಕಲಿ ಮಾರಾಯ್ರೆ, 'ಹಾಗೇನೂ ಇಲ್ಲ' ಅಂದದ್ದೇ ನನಗೆ ಜಾಸ್ತಿ ಚಿಂತೆ ಆದದ್ದು.

ನಮ್ಮ ದತ್ತು ನಿಯಮಗಳಲ್ಲಿ ತಂದೆ ತಾಯಿ ದೇಹ, ಮನಸ್ಸು ಮತ್ತು ಹಣಕಾಸಿನಲ್ಲಿ ಸಮರ್ಥರಾಗಿರಬೇಕು ಅಂತಿದೆ. ತಿಂಗಳಿಗೆ ಇಷ್ಟು ಸಂಬಳ ಅಂತ ಎಲ್ಲೂ ಇಲ್ಲ. ಆದಾಯದ ದಾಖಲೆ ಕೇಳುತ್ತಾರೆ, ಕೇಳಲೇಬೇಕು. ನಿಮ್ಮ ವರದಿ ಕೆಲಸ ಹೋಗುವ ಮೊದಲು ಬರೆದದ್ದಾದರೆ ಅದರಲ್ಲಿರುವ ಸಂಬಳ ಈಗ ಸುಳ್ಳು. ನೀವಾಗಿಯೇ ಹೋಗಿ ಹೇಳಿ. ಇಲ್ಲಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಕೇಳಿದರೆ ಯಾರ ಹತ್ತಿರ ಹೋಗಬೇಕು ಅಂತ ಹೇಳುತ್ತಾರೆ. ಯಜಮಾನರಿಗೆ ಈಗ ಸಣ್ಣ ಕೆಲಸವೇ ಇದ್ದರೂ ಅದರ ದಾಖಲೆ ಸಾಕು. ಹಳೆಯ ದೊಡ್ಡ ಸಂಬಳದ ಸ್ಲಿಪ್ಪಿಗಿಂತ ಅದಕ್ಕೆ ಬೆಲೆ ಜಾಸ್ತಿ. ಹಾಗೇ, ಕೇಳುವ ಮೊದಲೇ ಪೊಲೀಸ್ ಕ್ಲಿಯರೆನ್ಸ್, ಮೆಡಿಕಲ್ ಎಲ್ಲ ಹೊಸದಾಗಿ ಮಾಡಿಸಬೇಡಿ. ಇವುಗಳಿಗೆ ವಾಯಿದೆ ಇರುತ್ತದೆ, ಮತ್ತೆ ಮತ್ತೆ ಮಾಡಿಸುವುದರಲ್ಲೇ ಎಷ್ಟೋ ದುಡ್ಡು ಹೋಗುತ್ತದೆ.

ಸೊಸೈಟಿಯ ದುಡ್ಡು ಬರಬಹುದು, ಬಾರದೆಯೂ ಇರಬಹುದು. ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ಡಿಐಸಿಜಿಸಿ ಎಂಬ ರಿಸರ್ವ್ ಬ್ಯಾಂಕಿನ ಸಂಸ್ಥೆಯ ವಿಮೆ ಇದೆ, ಸಹಕಾರಿ ಬ್ಯಾಂಕುಗಳೂ ಅದರಲ್ಲಿ ಬರುತ್ತವೆ. ಆದರೆ ಕ್ರೆಡಿಟ್ ಸೊಸೈಟಿಗೆ ಆ ವಿಮೆ ಇಲ್ಲ. ನಮ್ಮ ಜಿಲ್ಲೆಗಳಲ್ಲಿ ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ ಅಂತ ಇಟ್ಟವರಲ್ಲಿ ಹೆಚ್ಚಿನವರಿಗೆ ಇದು ಗೊತ್ತೇ ಇರುವುದಿಲ್ಲ. ಠೇವಣಿ ಪತ್ರದ ನಕಲು ಇಟ್ಟು ಲಿಖಿತವಾಗಿ ಹಣ ಕೇಳಿ, ಅವರ ಸೀಲು ಹಾಕಿಸಿಕೊಳ್ಳಿ, ಆಮೇಲೆ ಸಹಕಾರ ಇಲಾಖೆಗೆ ದೂರು ಕೊಡಿ. ಕೊಟ್ಟು ಮರೆತುಬಿಡಿ. ಬಂದರೆ ಬಂತು. ಆ ದುಡ್ಡನ್ನು ದತ್ತುವಿನ ಲೆಕ್ಕದಲ್ಲಿ ಹಿಡಿಯಬೇಡಿ.

ಬಳೆಯ ವಿಷಯದಲ್ಲಿ ಹಾಗೆ ಸುಮ್ಮನಿರಲಾಗದು. ಚಿನ್ನದ ಸಾಲಕ್ಕೆ ಸಾಮಾನ್ಯವಾಗಿ ಒಂದು ವರ್ಷದ ವಾಯಿದೆ. ಬಡ್ಡಿ ಮಾತ್ರ ಕಟ್ಟಿ ರಿನ್ಯೂ ಮಾಡುತ್ತಾ ಹೋದರೆ ಅಸಲು ಅಲ್ಲಿಯೇ ಕೂತಿರುತ್ತದೆ, ಕಟ್ಟದಿದ್ದರೆ ಹರಾಜಿನ ನೋಟಿಸ್ ಬರುತ್ತದೆ. ಯಾವುದಾದರೂ ಫೈನಾನ್ಸಿನಲ್ಲಿ ಇಟ್ಟಿದ್ದರೆ ಬ್ಯಾಂಕಿಗೆ ಬದಲಾಯಿಸಿದಾಗ ಬಡ್ಡಿ ಎಷ್ಟು ಇಳಿಯುತ್ತದೆ ಅಂತ ಕೇಳಿ ನೋಡಿ. ತಿಂಗಳಿಗೆ ಸಣ್ಣ ಮೊತ್ತವಾದರೂ ಅಸಲಿಗೆ ಹೋಗಲಿ. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಶುರುಮಾಡಿದ ಪಿಗ್ಮಿ, ಅಂದರೆ ಏಜೆಂಟರು ಮನೆಗೆ ಬಂದು ಕೂಡಿಸುವ ಸಣ್ಣ ಉಳಿತಾಯ, ದಿನಕ್ಕೆ ಎರಡಾಣೆಯಿಂದ ನಡೆಯಿತು. ನಮ್ಮ ಅಜ್ಜಿಯಂದಿರು ಅದರಲ್ಲೇ ಬಳೆ ಬಿಡಿಸಿದವರು, ಮಕ್ಕಳ ಫೀಸು ಕಟ್ಟಿದವರು. ಈಗಲೂ ಕೆಲವು ಬ್ಯಾಂಕುಗಳ ಪಿಗ್ಮಿ ಏಜೆಂಟರು ಮನೆಬಾಗಿಲಿಗೆ ಬರುತ್ತಾರೆ. ಸೊಸೈಟಿಯದ್ದು ಬೇಡ, ಬ್ಯಾಂಕಿನದ್ದು ನೋಡಿ.

ಜಾಗ ಮಾರುವುದರ ವಿರುದ್ಧ ನನಗೆ ಇನ್ನೊಂದು ಕಾರಣ ಇದೆ. 'ನಿನಗೋಸ್ಕರ ಊರಿನ ಜಾಗ ಮಾರಿದೆವು' ಅನ್ನುವ ಮಾತು ಕೇಳಿ ಬೆಳೆದ ಮಕ್ಕಳು ನನ್ನ ಎದುರು ಕೂತು ಅತ್ತದ್ದುಂಟು. ಅಪ್ಪ ಅಮ್ಮ ಹೇಳದಿದ್ದರೂ ಚಿಕ್ಕಪ್ಪ ಹೇಳುತ್ತಾನೆ, ಯಾರದೋ ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಹೇಳುತ್ತಾನೆ. ಬಣ್ಣ ಬೇರೆ, ಕೂದಲು ಬೇರೆ ಇರುವ ಮಗು ಬ್ರಹ್ಮಾವರದ ಶಾಲೆಗೆ ಹೋಗುವಾಗ ಹೊರಬೇಕಾದ ಪ್ರಶ್ನೆಗಳೇ ಬೇಕಷ್ಟು ಇರುತ್ತವೆ. ಅದರ ಮೇಲೆ ಹತ್ತು ಸೆಂಟ್ಸ್ ಜಾಗವನ್ನೂ ಹೊರಿಸಬೇಡಿ. 'ದೇವರು ಕೊಟ್ಟ ಪವಾಡ' ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗುವುದೂ ಬೇಡ. ಪವಾಡದ ಮಗು ಹೋಮ್‌ವರ್ಕ್ ಮಾಡದೆ ಹಟ ಹಿಡಿದಾಗ ಆ ಮಾತು ಯಾರ ಕೆಲಸಕ್ಕೂ ಬರುವುದಿಲ್ಲ.

ಇನ್ನು ಹರಕೆ. ಹೇಳಿಕೊಂಡದ್ದು ಹೇಳಿಕೊಂಡದ್ದೇ, ಅದು ಇರಲಿ. ಹೊಸದು ಸೇರಿಸಬೇಡಿ. ಒಂದೊಂದು ತೊಡಕು ಬಂದಾಗ ಒಂದೊಂದು ಹರಕೆ ಹೇಳುತ್ತಾ ಹೋದರೆ ಆಮೇಲೆ ಅದೂ ಒಂದು ಸಾಲದ ಪಟ್ಟಿಯೇ ಆಗುತ್ತದೆ. ಬಿಕರ್ನಕಟ್ಟೆಯ ಬಾಲಯೇಸುವಿನ ಮುಂದೆ ಕೂರುವ ಒಬ್ಬ ತಾಯಿ ನನಗೆ ಗೊತ್ತು. ಮೊದಲೆಲ್ಲ ಅವರು 'ಇದನ್ನು ಮಾಡಿಕೊಡು' ಅಂತ ಕೇಳುತ್ತಿದ್ದರಂತೆ. ಆಮೇಲಾಮೇಲೆ 'ಎಲ್ಲೋ ಇರುವ ಆ ಮಗುವಿಗೆ ಇವತ್ತು ಜ್ವರ ಬಾರದಿರಲಿ' ಅಂತ ಅಷ್ಟೇ ಕೇಳತೊಡಗಿದರಂತೆ. ಅವರಿಗೆ ಅದರಿಂದ ನಿದ್ರೆ ಬರಲು ಶುರುವಾಯಿತು. ನಾನು ದೇವರ ವಿಷಯದಲ್ಲಿ ತಜ್ಞೆ ಅಲ್ಲ, ನಿದ್ರೆಯ ವಿಷಯದಲ್ಲಿ ಸ್ವಲ್ಪ ಗೊತ್ತು. ನೀವೂ ಯಜಮಾನರೂ ದುಡ್ಡಿನ ಮಾತಿಗೆ ವಾರದಲ್ಲಿ ಒಂದು ಹೊತ್ತು ಇಟ್ಟುಕೊಳ್ಳಿ, ಭಾನುವಾರ ಸಂಜೆ ಅಂತ ಆಗಲಿ. ದೇವರ ದೀಪ ಹಚ್ಚುವ ಹೊತ್ತಿಗೆ ಆ ಮಾತು ತರಬೇಡಿ. ಈಗ ನಿಮ್ಮ ಮನೆಯಲ್ಲಿ ಎರಡೂ ಒಟ್ಟಿಗೆ ನಡೆಯುತ್ತಿರಬೇಕು, ಪತ್ರ ಓದುವಾಗಲೇ ಹಾಗನಿಸಿತು.

ಉತ್ತರ 'ಆಗುವುದಿಲ್ಲ' ಅಂತ ಬಂದರೆ? ಬರಬಹುದು. ಒಮ್ಮೆ ನೋಡಿದ ಮಗು ಸಿಗದಿದ್ದರೆ ಅದು ನಿಜವಾದ ದುಃಖ. ಮನೆಯಲ್ಲಿ ಯಾರೋ ಹೋದಾಗಿನಷ್ಟೇ ಹೊತ್ತು ಅದಕ್ಕೂ ಕೊಡಿ. ಮರುದಿನವೇ ಇನ್ನೊಂದು ಅರ್ಜಿ ಹಾಕಬೇಡಿ. ಆದರೆ ಬಾಗಿಲು ಮುಚ್ಚುವುದಿಲ್ಲ. ಭಾರತದೊಳಗಿನ ದತ್ತುವಿಗೆ ಗಂಡ ಹೆಂಡತಿಯ ವಯಸ್ಸು ಕೂಡಿಸಿ ನೋಡುತ್ತಾರೆ. ಎರಡು ವರ್ಷದೊಳಗಿನ ಮಗುವಿಗೆ 85, ಎರಡರಿಂದ ನಾಲ್ಕಕ್ಕೆ 90, ನಾಲ್ಕರಿಂದ ಎಂಟಕ್ಕೆ 100 ಮೀರಬಾರದು. ನಿಮ್ಮದು ಈಗ 83. ಸಣ್ಣ ಮಗುವಿಗೆ ಕಾಯುವ ಸಮಯ ಮೂರು ವರ್ಷಕ್ಕೂ ಜಾಸ್ತಿ ಇದೆ, ಸ್ವಲ್ಪ ದೊಡ್ಡ ಮಗುವಿಗೆ ಕಡಿಮೆ. ಖರ್ಚು ನಿಗದಿ ಆಗಿದೆ, ಎಲ್ಲ ಸೇರಿ ಒಂದು ಲಕ್ಷದೊಳಗೆ. 2022ರಿಂದ ದತ್ತು ಆದೇಶ ಕೋರ್ಟಿನ ಬದಲು ಜಿಲ್ಲಾಧಿಕಾರಿಯಿಂದಲೇ ಆಗುತ್ತದೆ. ಇದು ಆ ಮಗುವಿನ ಬದಲಿಗೆ ಅಂತ ಹೇಳುತ್ತಿಲ್ಲ. ಗೊತ್ತಿರಲಿ ಅಂತ ಹೇಳಿದೆ.

ಈ ವಾರ ಮಾಡಬೇಕಾದ್ದು ಎರಡೇ ಕೆಲಸ. ಅಲ್ಲಿನ ವಕೀಲರಿಗೆ ಒಂದು ಇಮೇಲ್: ನಾವು ಭಾರತಕ್ಕೆ ಮರಳಿದ್ದೇವೆ, ನಮ್ಮ ಅರ್ಜಿ ಈಗಲೂ ಊರ್ಜಿತವೇ, ಇನ್ನು ಯಾವ ಯಾವ ಹಂತ ಬಾಕಿ, ಪ್ರತಿಯೊಂದಕ್ಕೂ ಎಷ್ಟು ಶುಲ್ಕ, ಯಾರಿಗೆ, ರಶೀದಿ ಸಮೇತ. ಕಾರಾಗೆ ಇನ್ನೊಂದು: ಇಂಥ ದೇಶದಿಂದ ಮಗುವನ್ನು ತರಲು ನಿಮ್ಮ ಒಪ್ಪಿಗೆ ಸಿಗುತ್ತದೆಯೇ. ಎರಡಕ್ಕೂ ಉತ್ತರ ಬರುವವರೆಗೆ ಜಾಗದ ಮಾತು ಬೇಡ. ಯಜಮಾನರು ಒಪ್ಪದಿದ್ದರೆ ಈ ಉತ್ತರವನ್ನೇ ಓದಲು ಕೊಡಿ. ಬ್ರೋಕರ್ ಫೋನ್ ಮಾಡಿದರೆ 'ಆಟಿ ತಿಂಗಳು ಕಳೆಯಲಿ, ಆಮೇಲೆ ನೋಡುವ' ಅನ್ನಿ. ಆಟಿಯಲ್ಲಿ ಶುಭಕಾರ್ಯ ಬೇಡ ಅನ್ನುವ ನಮ್ಮೂರಲ್ಲಿ ಆ ಮಾತಿಗೆ ಯಾವ ಬ್ರೋಕರನೂ ಎದುರು ಹೇಳುವುದಿಲ್ಲ.